ಬ್ಯಾಂಕು ಬದಲಿಸುವ ಮುನ್ನ: ವ್ಯಾಪಾರಸ್ಥರು ಗಮನಿಸಬೇಕಾದ ಕೆಲವು ಸಂಗತಿಗಳು

ಗೋಕಾಕದ ಕರದಂಟು ತಯಾರಕರು, ಮೂಡಲಗಿಯ ಬೆಲ್ಲದ ವ್ಯಾಪಾರಸ್ಥರು, ಹುಕ್ಕೇರಿ–ಸಂಕೇಶ್ವರ ಭಾಗದ ಮೆಣಸಿನಕಾಯಿ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರಲ್ಲಿ ತಮ್ಮ ಬ್ಯಾಂಕಿನ ಸೇವೆಯ ಬಗ್ಗೆ ದೂರು ಇಲ್ಲದವರು ವಿರಳ. ಆದರೆ ಬ್ಯಾಂಕನ್ನೇ ಬದಲಿಸಿದವರು ಅದಕ್ಕಿಂತಲೂ ವಿರಳ. ಇದಕ್ಕೆ ಆಲಸ್ಯವೊಂದೇ ಕಾರಣವಲ್ಲ. ಮಳಿಗೆಯ ಉತಾರ, ಮನೆಯ ಖರೀದಿ ಪತ್ರ, ಪಾಲುದಾರರ ಸಹಿಯುಳ್ಳ ಕರಾರುಗಳೆಲ್ಲವೂ ಬ್ಯಾಂಕಿನ ತಿಜೋರಿಯಲ್ಲಿರುತ್ತವೆ. ಉಳಿತಾಯ ಖಾತೆಯವನು ಬೇಸರವಾದ ದಿನ ಎದ್ದು ಹೋಗಬಹುದು. ಕ್ಯಾಶ್ ಕ್ರೆಡಿಟ್ ಸಾಲವುಳ್ಳ ವ್ಯಾಪಾರಸ್ಥನು ಹಾಗೆ ಹೋಗಲಾರನು. ಆದುದರಿಂದ ಅವನ ಪಾಲಿಗೆ ಬ್ಯಾಂಕು ಬದಲಾವಣೆಯು ಸಿಟ್ಟಿನ ಕೆಲಸವಾಗಿರದೆ ತಿಥಿ ನೋಡಿ ಮಾಡುವ ಕೆಲಸವಾಗಿರಬೇಕು.

ಹಾಗೆಂದು ಕದಲದೆ ಕುಳಿತವರ ಬ್ಯಾಂಕೂ ಕದಲದೆ ನಿಂತಿಲ್ಲ. 1976ರಲ್ಲಿ ಆರಂಭವಾಗಿ ಧಾರವಾಡ ಹಾಗೂ ಬೆಳಗಾವಿ ಜಿಲ್ಲೆಗಳಲ್ಲಿ ಸೇವೆ ಸಲ್ಲಿಸುತ್ತಿದ್ದ ಮಲಪ್ರಭಾ ಗ್ರಾಮೀಣ ಬ್ಯಾಂಕ್ 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಅದು 2025ರ ಮೇ 1ರಂದು ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಂದಿಗೆ ಒಂದಾಯಿತು. ಸಾಂಗ್ಲಿ ಬ್ಯಾಂಕ್ 2007ರಲ್ಲಿ ಐಸಿಐಸಿಐ ಬ್ಯಾಂಕಿನಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನಗೊಂಡವು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದವು. ಸಿಂಡಿಕೇಟ್ ಬ್ಯಾಂಕಿನ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು 2021ರ ಜುಲೈ 1ರಿಂದ ರದ್ದಾದಾಗ, ಗಿರಾಕಿಗಳಿಗೆ ಹೊಸ ಸಂಕೇತ ತಿಳಿಸದ ವ್ಯಾಪಾರಿಗಳ ಹಣ ಮರಳಿ ಹೋಗುವ ಪ್ರಸಂಗ ಬಂದಿತು. ಅಂದರೆ ಬದಲಾವಣೆಯ ತೊಂದರೆಯನ್ನು ಅನೇಕರು ಈಗಾಗಲೇ ಉಂಡಿದ್ದಾರೆ. ಆಯ್ಕೆಯ ಲಾಭವನ್ನು ಮಾತ್ರ ಪಡೆದಿಲ್ಲ.

ಉತ್ತಮ ಸೇವೆ ಎಂದರೇನು?

ಶಾಖಾ ವ್ಯವಸ್ಥಾಪಕರು ನಗುಮುಖದಿಂದ ಮಾತನಾಡುವುದು ಒಳ್ಳೆಯದೇ. ಆದರೆ ಅವರು ಮೂರು ವರ್ಷದೊಳಗೆ ವರ್ಗವಾಗಿ ಹೋಗುತ್ತಾರೆ. ವ್ಯಾಪಾರಸ್ಥನು ವಿಚಾರಿಸಬೇಕಾದದ್ದು ಬೇರೆಯೇ ಇದೆ. ತನ್ನ ಸಾಲದ ಮಿತಿಯನ್ನು ಮಂಜೂರು ಮಾಡುವ ಅಧಿಕಾರ ಶಾಖೆಯಲ್ಲಿದೆಯೋ, ಬೆಳಗಾವಿಯಲ್ಲಿದೆಯೋ, ಇನ್ನೂ ದೂರದಲ್ಲಿದೆಯೋ? ಕಳೆದ ವರ್ಷ ಅದೇ ಶಾಖೆಯಲ್ಲಿ ನವೀಕರಣಕ್ಕೆ ಎಷ್ಟು ದಿನ ಹಿಡಿಯಿತು? ದಾಸ್ತಾನು ಪಟ್ಟಿ ಸಲ್ಲಿಸಿದ ನಂತರ ಎಷ್ಟನೆಯ ದಿನ ಹಣ ತೆಗೆಯುವ ಮಿತಿಯನ್ನು ತಿದ್ದುತ್ತಾರೆ? ಈ ಪ್ರಶ್ನೆಗಳಿಗೆ ಉತ್ತರ ಆ ಶಾಖೆಯ ಈಗಿನ ಗಿರಾಕಿಗಳಲ್ಲಿದೆ, ಜಾಹೀರಾತಿನಲ್ಲಿಲ್ಲ. ಅಂತಹ ಇಬ್ಬರನ್ನಾದರೂ ಕೇಳದೆ ಅರ್ಜಿ ಕೊಡತಕ್ಕದ್ದಲ್ಲ.

ಬಡ್ಡಿ ದರವೊಂದನ್ನೇ ನೋಡಿ ಹೊರಡುವವರು ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡುವುದು ಲೇಸು. ಉದಾಹರಣೆಗೆ, 40 ಲಕ್ಷ ರೂಪಾಯಿ ಮಿತಿಯಲ್ಲಿ ಸರಾಸರಿ 25 ಲಕ್ಷ ಬಳಸುವ ಬೆಲ್ಲದ ವ್ಯಾಪಾರಿಗೆ ಶೇಕಡಾ ಅರ್ಧದಷ್ಟು ಬಡ್ಡಿ ಕಡಿಮೆಯಾದರೆ ವರ್ಷಕ್ಕೆ ಉಳಿಯುವುದು 12,500 ರೂಪಾಯಿ. ಹೊಸ ಬ್ಯಾಂಕಿನ ಸಂಸ್ಕರಣಾ ಶುಲ್ಕ, ಆಸ್ತಿ ಮೌಲ್ಯಮಾಪಕರ ಹಾಗೂ ವಕೀಲರ ಶುಲ್ಕ, ಹೊಸ ಅಡಮಾನದ ಮುದ್ರಾಂಕ ವೆಚ್ಚ ಕೂಡಿದರೆ ಮೊದಲ ವರ್ಷದ ಉಳಿತಾಯ ಅಲ್ಲಿಗೇ ಕರಗಿಹೋಗಬಹುದು. ಆದರೆ ಕಬ್ಬಿನ ಹಂಗಾಮು ಆರಂಭವಾಗಿ ಗಾಣಗಳು ತಿರುಗುತ್ತಿರುವಾಗ ನವೀಕರಣವು ಒಂದು ತಿಂಗಳು ತಡವಾದರೆ ಆಗುವ ನಷ್ಟವು ಈ ಮೊತ್ತಕ್ಕಿಂತ ಬಹಳ ದೊಡ್ಡದು. ಬ್ಯಾಂಕು ಬದಲಿಸಲು ಬಡ್ಡಿಗಿಂತ ಈ ವಿಳಂಬವೇ ಬಲವಾದ ಕಾರಣ.

ಯಾವಾಗ ಹೊರಡಬೇಕು?

ಕಬ್ಬು–ಬೆಲ್ಲವನ್ನು ನಂಬಿದವರು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇದಕ್ಕೆ ಕೈಹಾಕದಿರುವುದೇ ಕ್ಷೇಮ. ಕರದಂಟು ತಯಾರಕರಿಗೆ ಶ್ರಾವಣದಿಂದ ದೀಪಾವಳಿಯವರೆಗೆ ಅಂಟು, ಕೊಬ್ಬರಿ, ಅಂಜೂರಗಳ ಖರೀದಿಗೆ ಹಣ ಬೇಕು. ಇಬ್ಬರಿಗೂ ಬೇಸಿಗೆಯ ಕೊನೆಯ ತಿಂಗಳುಗಳು ಅನುಕೂಲ. ಇದರೊಂದಿಗೆ ಸಾಲದ ನವೀಕರಣ ದಿನಾಂಕವನ್ನೂ ಹೊಂದಿಸಿಕೊಳ್ಳಬೇಕು. ಏಕೆಂದರೆ ಕಾನೂನು ಈಗ ಆ ದಿನಾಂಕಕ್ಕೆ ವಿಶೇಷ ಬೆಲೆ ಕೊಟ್ಟಿದೆ.

ಅವಧಿಗೆ ಮುನ್ನ ಸಾಲ ತೀರಿಸಿದರೆ ಬ್ಯಾಂಕುಗಳು ದಂಡರೂಪದ ಶುಲ್ಕ ಹಾಕುವುದು ಹಳೆಯ ರೂಢಿ. ರಿಸರ್ವ್ ಬ್ಯಾಂಕ್ 2025ರ ಜುಲೈ 2ರಂದು ಹೊರಡಿಸಿದ ನಿರ್ದೇಶನಗಳು 2026ರ ಜನವರಿ 1ರಂದು ಅಥವಾ ಅನಂತರ ಮಂಜೂರಾದ ಇಲ್ಲವೆ ನವೀಕರಣಗೊಂಡ ಸಾಲಗಳಿಗೆ ಅನ್ವಯಿಸುತ್ತವೆ. ಅವುಗಳ ಪ್ರಕಾರ ವ್ಯಕ್ತಿಗಳು ಹಾಗೂ ಸೂಕ್ಷ್ಮ, ಸಣ್ಣ ಉದ್ಯಮಗಳು ವ್ಯವಹಾರಕ್ಕಾಗಿ ಪಡೆದ ಬದಲಾಗುವ ಬಡ್ಡಿದರದ ಸಾಲಗಳ ಮೇಲೆ ವಾಣಿಜ್ಯ ಬ್ಯಾಂಕುಗಳು ಇಂತಹ ಶುಲ್ಕ ವಿಧಿಸುವಂತಿಲ್ಲ. ಹಣವನ್ನು ಇನ್ನೊಂದು ಬ್ಯಾಂಕಿನಿಂದ ತಂದು ತೀರಿಸಿದರೂ ಸರಿಯೇ. ಗ್ರಾಮೀಣ ಬ್ಯಾಂಕುಗಳಿಗೂ ಕಿರು ಹಣಕಾಸು ಬ್ಯಾಂಕುಗಳಿಗೂ ಈ ನಿಷೇಧ 50 ಲಕ್ಷ ರೂಪಾಯಿವರೆಗಿನ ಸಾಲಗಳಿಗೆ ಮಾತ್ರ. ಸಾವಿರ ಕೋಟಿಯೊಳಗಿನ ಠೇವಣಿಯ ನಗರ ಸಹಕಾರಿ ಬ್ಯಾಂಕುಗಳಿಗೆ ಇದು ಕಡ್ಡಾಯವಲ್ಲ; ಅಲ್ಲಿ ಕರಾರು ಪತ್ರವನ್ನೇ ಓದಬೇಕು. ಕ್ಯಾಶ್ ಕ್ರೆಡಿಟ್ ಸಾಲಗಾರರಿಗೆ ಇನ್ನೊಂದು ಮಾರ್ಗವಿದೆ: ನವೀಕರಿಸುವುದಿಲ್ಲವೆಂದು ಕರಾರಿನಲ್ಲಿ ಹೇಳಿದ ಅವಧಿಗೆ ಮೊದಲೇ ತಿಳಿಸಿ, ಗಡುವಿನ ದಿನ ಖಾತೆ ಮುಗಿಸಿದರೆ ಶುಲ್ಕ ಕೊಡಬೇಕಾಗಿಲ್ಲ. ತಿಳಿಸಿದ್ದಕ್ಕೆ ಮೊಹರು ಹಾಕಿದ ಪ್ರತಿ ಇಟ್ಟುಕೊಳ್ಳಬೇಕು. ಬಾಯಿಮಾತಿಗೆ ಇಲ್ಲಿ ಬೆಲೆಯಿಲ್ಲ.

ಕಾಗದಪತ್ರಗಳ ದಾರಿ

ಮೊದಲು ಹೊಸ ಬ್ಯಾಂಕಿನ ಲಿಖಿತ ಮಂಜೂರಾತಿ, ಅನಂತರ ಹಳೆಯ ಬ್ಯಾಂಕಿಗೆ ಸುದ್ದಿ. ಈ ಕ್ರಮ ತಪ್ಪಿದವರು ಎರಡೂ ಕಡೆ ಕೈ ಸುಟ್ಟುಕೊಳ್ಳುತ್ತಾರೆ. ಹಳೆಯ ಬ್ಯಾಂಕಿನಿಂದ ಬಾಕಿ ಮೊತ್ತದ ಪತ್ರವನ್ನೂ, ಅದರ ವಶದಲ್ಲಿರುವ ದಾಖಲೆಗಳ ಪಟ್ಟಿಯನ್ನೂ ಪಡೆಯಬೇಕು. ಹೊಸ ಬ್ಯಾಂಕು ನೇರವಾಗಿ ಹಣ ಕಟ್ಟಿ ದಾಖಲೆಗಳನ್ನು ಪಡೆಯುವುದು ವಾಡಿಕೆ. ಸಾಲ ತೀರಿದ 30 ದಿನಗಳಲ್ಲಿ ಆಸ್ತಿ ಪತ್ರ ಮರಳಿಸದಿದ್ದರೆ ದಿನಕ್ಕೆ 5,000 ರೂಪಾಯಿ ಪರಿಹಾರವೆಂಬ 2023ರ ಸುತ್ತೋಲೆಯನ್ನು ಹಲವರು ಕೇಳಿರಬಹುದು. ಆದರೆ ಅದು ಹೊರಟದ್ದು ವೈಯಕ್ತಿಕ ಸಾಲಗಳ ಕುರಿತು. ವ್ಯಾಪಾರದ ಸಾಲಕ್ಕೂ ಅದೇ ಅನ್ವಯಿಸುತ್ತದೆಂದು ನಂಬಿ ಕೂಡದೆ, ದಾಖಲೆ ಮರಳಿಸುವ ದಿನಾಂಕವನ್ನು ಬರವಣಿಗೆಯಲ್ಲಿ ಪಡೆಯುವುದು ಒಳಿತು. ಜಮೀನು ಅಡವಿಟ್ಟಿದ್ದರೆ ಪಹಣಿಯ 11ನೆಯ ಕಾಲಮ್ಮಿನಲ್ಲಿರುವ ಬೋಜಾ ಇಳಿಯಿತೇ ಎಂಬುದನ್ನು ಕಣ್ಣಾರೆ ನೋಡಬೇಕು. ಹಳೆಯ ಬೋಜಾ ಉಳಿದ ಪಹಣಿಯನ್ನು ಹೊಸ ಬ್ಯಾಂಕು ಒಪ್ಪುವುದಿಲ್ಲ.

ಹಳೆಯ ಚಾಲ್ತಿ ಖಾತೆಯನ್ನು ಅವಸರದಿಂದ ಮುಚ್ಚಬಾರದು. ಮುಂದಿನ ದಿನಾಂಕ ಹಾಕಿ ಕೊಟ್ಟ ಕೊನೆಯ ಚೆಕ್ಕು ಪಾಸಾಗುವವರೆಗೆ ಅದು ಇರಬೇಕು. ಚೆಕ್ಕು ಅಮಾನ್ಯವಾದರೆ 138ನೆಯ ಕಲಮಿನ ನೋಟೀಸು ಬರುವುದು ಬ್ಯಾಂಕಿಗಲ್ಲ, ಸಹಿ ಹಾಕಿದವನಿಗೆ. ಸಾಲವಿರುವವರು ಬೇರೆ ಬ್ಯಾಂಕಿನಲ್ಲಿ ಚಾಲ್ತಿ ಖಾತೆ ಹೊಂದುವುದನ್ನು ರಿಸರ್ವ್ ಬ್ಯಾಂಕ್ 2020ರ ಆಗಸ್ಟ್‌ನಲ್ಲಿ ನಿರ್ಬಂಧಿಸಿತ್ತು. 2021ರ ಅಕ್ಟೋಬರ್‌ನಲ್ಲಿ 5 ಕೋಟಿ ರೂಪಾಯಿಗಿಂತ ಕಡಿಮೆ ಸಾಲದವರಿಗೆ ಅದನ್ನು ಸಡಿಲಿಸಲಾಯಿತು. ಜಿಎಸ್‌ಟಿ ನೋಂದಣಿಯಲ್ಲಿ ಹೊಸ ಖಾತೆಯನ್ನು ಸೇರಿಸದಿದ್ದರೆ ಮರುಪಾವತಿ ಹಳೆಯ ಖಾತೆಯನ್ನೇ ಹುಡುಕುತ್ತದೆ. ವಿದ್ಯುತ್ ಬಿಲ್ಲನ್ನು ಖಾತೆಯಿಂದ ನೇರ ಕಡಿತ ಮಾಡಿಸುವವರು ಗೋಕಾಕ, ಮೂಡಲಗಿಗಳಲ್ಲಿ ಹೆಸ್ಕಾಂಗೆ, ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಕ್ಕೆ ಹೊಸ ಆದೇಶ ಕೊಡಬೇಕು.

ಸಂಘವೋ, ಬ್ಯಾಂಕೋ?

ಈ ಭಾಗದಲ್ಲಿ ಅತ್ಯಂತ ಆತ್ಮೀಯ ಸೇವೆ ದೊರೆಯುವುದು ಪತ್ತಿನ ಸಹಕಾರಿ ಸಂಘಗಳಲ್ಲಿ ಎಂಬುದನ್ನು ಒಪ್ಪಲೇಬೇಕು. ಸಂಜೆ ಅಂಗಡಿಗೇ ಬಂದು ಪಿಗ್ಮಿ ಸಂಗ್ರಹಿಸುತ್ತಾರೆ. ಸಾಲ ಕೇಳಿದರೆ ಮನೆತನ ನೋಡಿ ಕೊಡುತ್ತಾರೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟುಹಾಕಿದ ಪಿಗ್ಮಿ ಪದ್ಧತಿಯನ್ನು ಇಂದು ಜೀವಂತವಾಗಿಟ್ಟವರಲ್ಲಿ ಇವರದೇ ದೊಡ್ಡ ಪಾಲು. ಆದರೆ ಪತ್ತಿನ ಸಂಘದಲ್ಲಿಟ್ಟ ಠೇವಣಿಗೆ ಠೇವಣಿ ವಿಮಾ ನಿಗಮದ ರಕ್ಷಣೆ ಇಲ್ಲ. ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಸಹಕಾರಿ ಬ್ಯಾಂಕಿಗೆ ಇದೆ. ಫಲಕದ ಮೇಲಿನ ಹೆಸರಿನಲ್ಲಿ ಈ ವ್ಯತ್ಯಾಸ ಕಾಣದು. ಪರವಾನಗಿ ಪತ್ರವನ್ನು ತೋರಿಸಿರೆಂದು ಕೇಳುವುದರಲ್ಲಿ ಸಂಕೋಚ ಬೇಡ.

ವಿಮೆಯ ಮಿತಿಯು 2020ರ ಫೆಬ್ರುವರಿಯಲ್ಲಿ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು. ನೆರೆಯ ಮುಧೋಳದ ಕೋ-ಆಪರೇಟಿವ್ ಬ್ಯಾಂಕಿನ ಪರವಾನಗಿ 2022ರ ಜೂನ್‌ನಲ್ಲಿ ರದ್ದಾದಾಗ, ಶೇಕಡಾ 99ಕ್ಕೂ ಹೆಚ್ಚು ಠೇವಣಿದಾರರು ಪೂರ್ಣ ಮೊತ್ತಕ್ಕೆ ಅರ್ಹರೆಂದು ರಿಸರ್ವ್ ಬ್ಯಾಂಕ್ ತಿಳಿಸಿತ್ತು. ಉಳಿದವರು ಯಾರೆಂಬುದನ್ನು ಊಹಿಸುವುದು ಕಷ್ಟವಲ್ಲ: ಒಂದೇ ಕಡೆ ಹೆಚ್ಚು ಇಟ್ಟವರು. ಏಕಮಾಲಿಕ ಅಂಗಡಿಯ ಚಾಲ್ತಿ ಖಾತೆಯನ್ನೂ ಮಾಲಿಕನ ಸ್ವಂತ ಠೇವಣಿಯನ್ನೂ ಈ 5 ಲಕ್ಷದ ಲೆಕ್ಕಕ್ಕೆ ಕೂಡಿಸಲಾಗುತ್ತದೆ ಎಂಬುದನ್ನು ಬಹಳ ಜನ ಅರಿತಿಲ್ಲ. ಪಾಲುದಾರಿಕೆ ಸಂಸ್ಥೆಯ ಖಾತೆಯನ್ನು ಮಾತ್ರ ಬೇರೆಯಾಗಿ ಎಣಿಸುತ್ತಾರೆ.

ಬದಲಿಸುವ ಮೊದಲು ಹಳೆಯ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ನೋಡುವುದೂ ಉಂಟು. ಸ್ವೀಕೃತಿ ಪಡೆದ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ತಡಮಾಡದೆ ಬರೆಯಬಹುದು, ಇದಕ್ಕೆ ಶುಲ್ಕವಿಲ್ಲ. ಪತ್ತಿನ ಸಂಘಗಳ ಮೇಲಿನ ದೂರು ಅಲ್ಲಿಗೆ ಹೋಗುವುದಿಲ್ಲ, ಸಹಕಾರ ಇಲಾಖೆಗೆ ಹೋಗಬೇಕು. ಸಾಲ ಕೊಡುವುದು ಬಿಡುವುದು ಬ್ಯಾಂಕಿನ ವಿವೇಚನೆಯಾದ್ದರಿಂದ ಮಿತಿ ಹೆಚ್ಚಿಸಲಿಲ್ಲವೆಂಬ ದೂರು ಅಲ್ಲಿ ನಿಲ್ಲದು. ವಿಳಂಬ, ತಪ್ಪು ಶುಲ್ಕ, ದಾಖಲೆ ಮರಳಿಸದಿರುವುದು ಮುಂತಾದ ಸೇವಾಲೋಪಗಳನ್ನು ದಿನಾಂಕ ಸಹಿತ ಬರೆದ ಅರ್ಜಿಗೆ ಬಲವಿದೆ. ಅನೇಕ ಬಾರಿ ಅಂತಹ ಅರ್ಜಿಯ ಪ್ರತಿ ಶಾಖೆಯ ಮೇಜಿಗೆ ಬಂದ ವಾರದಲ್ಲಿಯೇ, ಆರು ತಿಂಗಳಿನಿಂದ ಸಿಗದಿದ್ದ ಕಡತ ಸಿಕ್ಕಿಬಿಡುತ್ತದೆ.