ಕಾರ್ಯ ಮುಗಿದ ಮೇಲೆ ಕರಗುವ ನೂಲು

ನೂಲಿನ ಗುಣವನ್ನು ನಮ್ಮ ಶರವಣಂಪಟ್ಟಿಯ ಸುತ್ತಣ ಜನರಿಗೆ ವಿವರಿಸಬೇಕಾದುದಿಲ್ಲ. ಕೊಯಮತ್ತೂರಿನ ಗಿರಣಿಗಳು ಅದನ್ನು ನೂತಿವೆ. ಕನ್ನಡ ನುಡಿಯುವ ದೇವಾಂಗರ ಮನೆಗಳಲ್ಲಿ ಮಗ್ಗಗಳು ಅದನ್ನು ನೆಯ್ದಿವೆ. ಬಹುಕಾಲ ಬಾಳುವುದೇ ಒಳ್ಳೆಯ ನೂಲೆಂಬುದು ನಮ್ಮೆಲ್ಲರ ಅನುಭವ. ಆದರೆ ಶಸ್ತ್ರವೈದ್ಯರಿಗೆ ಬೇರೊಂದು ಬಗೆಯ ನೂಲು ಬೇಕಾಗುತ್ತದೆ. ಅದು ಗಾಯ ಕೂಡುವವರೆಗೆ ಬಿಗಿಯಾಗಿದ್ದು, ಬಳಿಕ ದೇಹದೊಳಗೇ ಕರಗಿಹೋಗತಕ್ಕದ್ದು.

ಹಿಂದೆ ಇದಕ್ಕಾಗಿ ಕುರಿ, ದನಗಳ ಕರುಳಿನಿಂದ ಮಾಡಿದ ಕ್ಯಾಟ್‌ಗಟ್ ಎಂಬ ದಾರವನ್ನು ಬಳಸುತ್ತಿದ್ದರು. ಅದು ಕರಗುವ ಕಾಲವು ರೋಗಿಯಿಂದ ರೋಗಿಗೆ ಬೇರೆಯಾಗುತ್ತಿತ್ತು. ೧೯೭೦ರ ಸುಮಾರಿಗೆ ಪಾಲಿಗ್ಲೈಕಾಲಿಕ್ ಆಮ್ಲದ ದಾರವು ಬಳಕೆಗೆ ಬಂದಿತು. ಇದು ಪಾಲಿಯೆಸ್ಟರ್ ಕುಲಕ್ಕೆ ಸೇರಿದುದು.

ನಾವು ಉಡುವ ಪಾಲಿಯೆಸ್ಟರ್ ಬಟ್ಟೆಯೂ ಅದೇ ಕುಲದ್ದಲ್ಲವೆ? ಅದೇಕೆ ಕರಗುವುದಿಲ್ಲ? ಎರಡರಲ್ಲಿಯೂ ಸಣ್ಣ ಅಣುಗಳು ಎಸ್ಟರ್ ಎಂಬ ಕೊಂಡಿಗಳಿಂದ ಸರಪಣಿಯಂತೆ ಕೂಡಿರುತ್ತವೆ. ಬಟ್ಟೆಯ ಸರಪಣಿಯಲ್ಲಿ ಬೆನ್ಸೀನ್ ಉಂಗುರಗಳಿರುವುದರಿಂದ ನೀರು ಆ ಕೊಂಡಿಗಳನ್ನು ಸುಲಭವಾಗಿ ಮುರಿಯಲಾರದು. ಹೊಲಿಗೆಯ ದಾರದಲ್ಲಿ ಅಂತಹ ತಡೆಯಿಲ್ಲ. ದೇಹದಲ್ಲಿರುವ ನೀರೇ ಒಳಹೊಕ್ಕು ಕೊಂಡಿಗಳನ್ನು ಕ್ರಮೇಣ ಬಿಡಿಸುತ್ತದೆ. ಇದರ ಒಡಹುಟ್ಟಾದ ಪಾಲಿಲ್ಯಾಕ್ಟಿಕ್ ಆಮ್ಲವು ಹೀಗೆ ಒಡೆದಾಗ ಉಳಿಯುವುದು ಲ್ಯಾಕ್ಟಿಕ್ ಆಮ್ಲ. ಮೊಸರಿನ ಹುಳಿಯೂ ಅದೇ. ಓಡಿ ದಣಿದಾಗ ನಮ್ಮ ಸ್ನಾಯುಗಳಲ್ಲಿ ಹುಟ್ಟುವುದೂ ಅದೇ. ಕೊನೆಗೆ ಅದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಪರಿಣಮಿಸುತ್ತದೆ.

ಕರಗುವುದಷ್ಟೇ ಸಾಲದು, ತಕ್ಕ ಕಾಲಕ್ಕೆ ಕರಗಬೇಕು. ಗಾಯ ಕೂಡುವ ಮುನ್ನವೇ ಹೊಲಿಗೆ ಸಡಿಲಿದರೆ ಪ್ರಾಣಕ್ಕೇ ಅಪಾಯ. ಪಾಲಿಗ್ಲೈಕಾಲಿಕ್ ದಾರವು ಸುಮಾರು ಒಂದು ತಿಂಗಳಲ್ಲಿ ಬಲಗುಂದಿ, ಎರಡು ಮೂರು ತಿಂಗಳಲ್ಲಿ ಮಾಯವಾಗುತ್ತದೆ. ಬೇಗ ಕೂಡುವ ಕರುಳಿನಂತಹ ಭಾಗಗಳಿಗೆ ಇದು ಸಾಕು. ನಿಧಾನವಾಗಿ ಕೂಡುವ ಹೊಟ್ಟೆಯ ಗೋಡೆಗೆ ಸುಮಾರು ೬ ತಿಂಗಳಲ್ಲಿ ಕರಗುವ ಪಾಲಿಡಯಾಕ್ಸನೋನ್ ಒಪ್ಪುತ್ತದೆ. ಮೂಳೆಯನ್ನು ಹಿಡಿದಿಡುವ ಪಾಲಿಲ್ಯಾಕ್ಟಿಕ್ ತಿರುಪುಗಳು ಕರಗಲು ೨ ವರ್ಷಗಳಿಗೂ ಹೆಚ್ಚು ಕಾಲ ಬೇಕಾಗಬಹುದು. ಈ ಎರಡು ಆಮ್ಲಗಳನ್ನು ಕೂಡಿಸಿ ಮಾಡಿದ ಸೂಕ್ಷ್ಮ ಗೋಲಿಗಳಲ್ಲಿ ಔಷಧವನ್ನು ತುಂಬಿ ಚುಚ್ಚುವುದೂ ಉಂಟು. ಗೋಲಿ ಕರಗಿದಂತೆಲ್ಲ ಔಷಧವು ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಒಸರುತ್ತದೆ.

ಗುಣವೇ ದೋಷವಾಗುವ ಸಂದರ್ಭಗಳೂ ಇವೆ. ಗಾಳಿಯ ತೇವವೂ ಈ ದಾರವನ್ನು ಕೆಡಿಸಬಲ್ಲುದು. ಆದುದರಿಂದಲೇ ಅದನ್ನು ತೇವ ತಗಲದ ಲೋಹಹಾಳೆಯ ಪೊಟ್ಟಣದಲ್ಲಿಡುತ್ತಾರೆ. ದಪ್ಪವಾದ ತಿರುಪು ಕರಗುವಾಗ ಆಮ್ಲವು ಒಂದೆಡೆ ಶೇಖರವಾಗಿ ಉರಿಯೂತವಾಗುವುದುಂಟು. ಕೃತಕ ಹೃದಯಕವಾಟವನ್ನು ಹೊಲಿಯಲು ಎಂದೆಂದಿಗೂ ಕರಗದ ದಾರವೇ ಬೇಕು. ಇನ್ನು ಮನೆಯವರು ನೆನಪಿಡಬೇಕಾದುದೊಂದಿದೆ: ಹೊಲಿಗೆಯ ತುದಿ ಹೊರಗೆ ಕಂಡರೆ ಎಳೆಯದೆ ವೈದ್ಯರಿಗೆ ತೋರಿಸತಕ್ಕದ್ದು.

೧೯೫೬ರಲ್ಲಿ ಕೊಯಮತ್ತೂರಿನಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಘವು ಇಂದು ವೈದ್ಯಕೀಯ ಜವಳಿಯ ವಿಷಯದಲ್ಲಿಯೂ ಕೆಲಸ ಮಾಡುತ್ತಿದೆ. ನೂಲನ್ನು ಬಲ್ಲ ಮನೆತನಗಳ ಮಕ್ಕಳು ರಸಾಯನಶಾಸ್ತ್ರವನ್ನೂ ಕಲಿತರೆ, ಅವರ ಕೈಯಿಂದ ಬಟ್ಟೆ ಮಾತ್ರವಲ್ಲ, ಗಾಯವನ್ನು ಕೂಡಿಸುವ ದಾರವೂ ಬಂದೀತೆಂದು ನಾವು ಆಶಿಸುತ್ತೇವೆ.