ಬಾಲದಲ್ಲಿ ರಕ್ತವಿರುವ ಪದಗಳು

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಇಲ್ಲಿ ವಿಜ್ಞಾನ ವಿಭಾಗಕ್ಕೆ ಸೇರಿರುವ ಪ್ರಥಮ ಪಿಯುಸಿಯ ಗೆಳೆಯ ಗೆಳತಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಜೀವಶಾಸ್ತ್ರದ ಪುಸ್ತಕ ತೆರೆದ ಮೊದಲ ವಾರವೇ ನಿಮ್ಮಲ್ಲಿ ಕೆಲವರು ಕಾಮರ್ಸ್‌ಗೆ ಹೋಗಿಬಿಡೋಣ ಎನ್ನುತ್ತಿದ್ದೀರಂತೆ. ಪಾಠ ಕಷ್ಟ ಎಂದಲ್ಲ, ಪದಗಳು ಉದ್ದ ಎಂದು. ಹದಿನೈದು ಹದಿನಾರು ಅಕ್ಷರದ ಇಂಗ್ಲಿಷ್ ಪದವನ್ನು ಎಡದಿಂದ ಬಲಕ್ಕೆ ಒಂದೊಂದೇ ಅಕ್ಷರ ಕಂಠಪಾಠ ಮಾಡಹೊರಟರೆ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಅದನ್ನು ಬಾಲದಿಂದ ಓದಿ ನೋಡಿ.

ಹೈಸ್ಕೂಲಿನಲ್ಲಿ ತತ್ಪುರುಷ ಸಮಾಸ ಓದಿದ್ದೀರಿ. ಅರಸನ ಮನೆ ಅರಮನೆ. ಅಲ್ಲಿ ಉತ್ತರಪದದ ಅರ್ಥಕ್ಕೇ ಪ್ರಾಧಾನ್ಯ: ಯಾರದ್ದೇ ಆಗಲಿ, ಅದು ಮನೆ. ಸೇರುವಾಗ 'ಅರಸನ' ಎಂಬುದು ಸವೆದು 'ಅರ' ಆಯಿತು. ಗ್ರೀಕ್ ಮೂಲದ ವೈದ್ಯಕೀಯ ಪದಗಳಲ್ಲಿ ಹೆಚ್ಚಿನವು ಹೀಗೆಯೇ ಹುಟ್ಟಿದವು. ಮಾತು ಯಾವುದರ ಬಗ್ಗೆ ಎಂಬುದು ಕೊನೆಯಲ್ಲಿರುತ್ತದೆ, ಉಳಿದ ವಿವರ ಮುಂದೆ ಇರುತ್ತದೆ.

ಒಂದೇ ಬಾಲವನ್ನು ಹಿಡಿದುಕೊಳ್ಳೋಣ: 'ಈಮಿಯಾ'. ಅಕ್ಷರಗಳು ಎ, ಇ, ಎಂ, ಐ, ಎ. ಅಮೆರಿಕದ ರೀತಿಯಲ್ಲಿ ಬರೆದರೆ ಮೊದಲ ಎ ಬಿಟ್ಟುಹೋಗುತ್ತದೆ, ಎರಡೂ ಸರಿ. ಗ್ರೀಕ್ ಭಾಷೆಯಲ್ಲಿ 'ಹೈಮಾ' ಎಂದರೆ ರಕ್ತ. ಪದದ ತಲೆಯಲ್ಲಿದ್ದಾಗ ಅದರ ಎಚ್ ಉಳಿದುಕೊಳ್ಳುತ್ತದೆ: ಹೀಮೋಗ್ಲೋಬಿನ್, ಹೀಮೋಫೀಲಿಯಾ, ಹೀಮೋಡಯಾಲಿಸಿಸ್. ಬಾಲಕ್ಕೆ ಬಂದಾಗ ಎಚ್ ಉದುರಿ ಈಮಿಯಾ ಆಗುತ್ತದೆ, ಅರಸ ಅರ ಆದ ಹಾಗೆ. ಆದ್ದರಿಂದ ಈ ಬಾಲ ಕಂಡರೆ ಮಾತು ರಕ್ತದ ಸ್ಥಿತಿಯ ಬಗ್ಗೆ ಎಂದು ತಿಳಿಯಿರಿ.

ಈಗ ಮುಂಭಾಗಕ್ಕೆ ಬನ್ನಿ. 'ಅನ್' ಎಂದರೆ ಇಲ್ಲದ್ದು, ಹಾಗಾಗಿ ಅನೀಮಿಯಾ ಎಂದರೆ ಅಕ್ಷರಶಃ ರಕ್ತವಿಲ್ಲದಿರುವುದು. ಪದ ಸ್ವಲ್ಪ ಉತ್ಪ್ರೇಕ್ಷೆ ಮಾಡುತ್ತದೆ. ನಿಜದಲ್ಲಿ ಕಡಿಮೆಯಾಗಿರುವುದು ಕೆಂಪು ರಕ್ತಕಣ ಅಥವಾ ಹೀಮೋಗ್ಲೋಬಿನ್. ಇದು ಬರೀ ಪರೀಕ್ಷೆಯ ಪದವಲ್ಲ ಎಂದು ನಮ್ಮ ತರಗತಿಯ ಹುಡುಗಿಯರಿಗೆ ವಿಶೇಷವಾಗಿ ಹೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಬ್ಯಾಗಿನ ತಳದಲ್ಲಿ ಹಾಗೇ ಬಿಟ್ಟಿರಬೇಡಿ.

ಲ್ಯುಕೇಮಿಯಾದಲ್ಲಿ 'ಲ್ಯುಕೋಸ್' ಎಂದರೆ ಬಿಳಿ. ಬಿಳಿ ರಕ್ತಕಣಗಳ ಕ್ಯಾನ್ಸರ್. ಇದೇ ಬಿಳಿ ಲ್ಯುಕೋಸೈಟ್‌ನಲ್ಲಿದೆ, ಬಣ್ಣವಿಲ್ಲದ ಲ್ಯುಕೋಪ್ಲಾಸ್ಟ್‌ನಲ್ಲೂ ಇದೆ. ಒಂದು ತುಂಡು ಕಲಿತರೆ ಮೂರು ಪದ ಸಿಕ್ಕವು. ಯುರೇಮಿಯಾ ಎಂದರೆ ಮೂತ್ರಪಿಂಡ ಕೆಲಸ ಮಾಡದೆ ಯೂರಿಯಾ ರಕ್ತದಲ್ಲಿ ನಿಲ್ಲುವುದು. ಥಲಸ್ಸೇಮಿಯಾದ 'ಥಲಸ್ಸಾ' ಎಂದರೆ ಕಡಲು. ರಕ್ತದ ಕಾಯಿಲೆಯಲ್ಲಿ ಕಡಲೇಕೆ ಎಂದು ಕೇಳಬಹುದು. ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತಲ ಜನರಲ್ಲಿ ಈ ಆನುವಂಶಿಕ ಕಾಯಿಲೆ ಮೊದಲು ಗುರುತಾದದ್ದರಿಂದ ಆ ಹೆಸರು. ಗ್ಲೋಬಿನ್ ಸರಪಣಿ ಸಾಕಷ್ಟು ತಯಾರಾಗದಿರುವುದು ಥಲಸ್ಸೇಮಿಯಾ. ತಯಾರಾದ ಗ್ಲೋಬಿನ್ನಿನಲ್ಲೇ ದೋಷವಿದ್ದರೆ ಸಿಕಲ್ ಸೆಲ್ ಅನೀಮಿಯಾ. ಈ ವ್ಯತ್ಯಾಸ ದ್ವಿತೀಯ ಪಿಯುಸಿಯಲ್ಲಿ ಬೇಕಾಗುತ್ತದೆ, ಈಗಲೇ ಇಟ್ಟುಕೊಳ್ಳಿ.

ನಾನು ಈ ಲೇಖನ ಬರೆಯಲು ಕಾರಣವಾದದ್ದು ಮಾತ್ರ ಮುಂದಿನ ಜೋಡಿ: ಹೈಪರ್‌ಗ್ಲೈಸೀಮಿಯಾ ಮತ್ತು ಹೈಪೋಗ್ಲೈಸೀಮಿಯಾ. ನಡುವಿನ 'ಗ್ಲೈಕ್' ಎಂದರೆ ಸಿಹಿ, ಇಲ್ಲಿ ಗ್ಲೂಕೋಸ್. 'ಹೈಪರ್' ಎಂದರೆ ಮೇಲೆ, 'ಹೈಪೋ' ಎಂದರೆ ಕೆಳಗೆ. ಮೊದಲನೆಯದು ರಕ್ತದಲ್ಲಿ ಗ್ಲೂಕೋಸ್ ಹೆಚ್ಚಾಗುವುದು, ಎರಡನೆಯದು ಕಡಿಮೆಯಾಗುವುದು. ಸಾಮಾನ್ಯವಾಗಿ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗೆ. ನೋಡಲು ಅವಳಿ ಮಕ್ಕಳಂತಿವೆ, ಚಿಕಿತ್ಸೆ ಮಾತ್ರ ತದ್ವಿರುದ್ಧ.

ಕಳೆದ ವರ್ಷ ನಮ್ಮ ಅಜ್ಜಿ ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟಿದ್ದರು, ಬೆವರಿ ನಡುಗಿ ಕುಸಿದಿದ್ದರು. ನೋಡಲು ಬಂದ ನೆಂಟರಿಗೆಲ್ಲ ತಿಳಿದದ್ದು ಒಂದೇ, 'ಶುಗರ್‌ನಿಂದ ಬಿದ್ದರು' ಎಂದು. ಇನ್ನು ಮುಂದೆ ಸಕ್ಕರೆ ಡಬ್ಬಿಯನ್ನು ಅವರ ಕೈಗೆ ಸಿಗದಂತೆ ಇಡಬೇಕೆಂದು ತೀರ್ಮಾನವೂ ಆಯಿತು. ನಾನು ಡಿಸ್ಚಾರ್ಜ್ ಚೀಟಿ ಓದಿದೆ. ಅದರಲ್ಲಿದ್ದದ್ದು ಹೈಪೋ. "ಶುಗರ್ ಹೆಚ್ಚಾಗಿ ಅಲ್ಲ ಅಬ್ಬಾ, ಇಳಿದು ಬಿದ್ದದ್ದು. ನಡುಕ ಬಂದಾಗ ಎಚ್ಚರ ಇದ್ದರೆ ತಕ್ಷಣ ಸಕ್ಕರೆ ನೀರು ಕೊಡಬೇಕು" ಎಂದೆ. ಅಬ್ಬಾ ನಂಬದೆ ಡಾಕ್ಟರಿಗೆ ಫೋನ್ ಮಾಡಿದರು. ಅವರೂ ಅದನ್ನೇ ಹೇಳಿದರು. ಈಗ ಅಜ್ಜಿಯ ದಿಂಬಿನ ಪಕ್ಕ ಗ್ಲೂಕೋಸ್ ಪುಡಿಯ ಡಬ್ಬಿ ಇರುತ್ತದೆ.

ಮುಂಗಾರು, ಹಿಂಗಾರು ಎಂಬ ಪದಗಳು ಬಹುತೇಕ ಒಂದೇ ಥರ ಇವೆ, ಆದರೆ ಯಾವ ರೈತನೂ ಗೊಂದಲ ಮಾಡಿಕೊಳ್ಳುವುದಿಲ್ಲ. ಹೈಪರ್, ಹೈಪೋ ಕೂಡ ಅಷ್ಟು ಬಳಕೆಯಾಗಬೇಕು. ನಾನು ಮಾಡುವ ಉಪಾಯ ಇಷ್ಟೇ: ಹೈಪರ್‌ನ ಕೊನೆಯ ಆರ್‌ಗೆ 'ಏರು' ಎಂದು ನೆನಪಿಟ್ಟುಕೊಳ್ಳುತ್ತೇನೆ. ಕನ್ನಡದವರಿಗೆ ಮಾತ್ರ ಕೆಲಸಕ್ಕೆ ಬರುವ ಉಪಾಯ!

ಇನ್ನೊಂದು ಪದ: ಹೈಪರ್‌ಕಲೀಮಿಯಾ. ಹೈಪರ್ ಗೊತ್ತಾಯಿತು, ಈಮಿಯಾ ಗೊತ್ತಾಯಿತು, ನಡುವಿನ 'ಕಲಿ' ಏನು? ಉತ್ತರ ರಸಾಯನಶಾಸ್ತ್ರದಲ್ಲಿದೆ. ಪೊಟ್ಯಾಸಿಯಂನ ಸಂಕೇತ ಪಿ ಅಲ್ಲ, ಕೆ. ಅದು 'ಕೇಲಿಯಂ' ಎಂಬ ಲ್ಯಾಟಿನ್ ಹೆಸರಿನಿಂದ ಬಂತು, ಆ ಹೆಸರು ಬಂದದ್ದು ಅರಬ್ಬಿಯ 'ಅಲ್-ಕಲೀ' ಎಂಬುದರಿಂದ. ಉಪ್ಪುನೆಲದ ಗಿಡಗಳನ್ನು ಸುಟ್ಟ ಬೂದಿಗೆ ಆ ಹೆಸರಿತ್ತು. ನಮ್ಮ ಲ್ಯಾಬಿನ ಆಲ್ಕಲಿ ಕೂಡ ಅದೇ. 1807ರಲ್ಲಿ ಹಂಫ್ರಿ ಡೇವಿ ಈ ಲೋಹವನ್ನು ಬೇರ್ಪಡಿಸಿದ್ದೂ ಪೊಟ್ಯಾಶ್‌ನಿಂದಲೇ. ಹೀಗೆ ಒಂದೇ ಪದದಲ್ಲಿ ಗ್ರೀಕ್ ತಲೆ, ಅರಬ್ಬಿ ಹೊಟ್ಟೆ, ಗ್ರೀಕ್ ಬಾಲ. ಅರ್ಥ, ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಾಗುವುದು. ಅದು ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಮೂತ್ರಪಿಂಡದ ಕಾಯಿಲೆ ಇರುವ ಹಲವರಿಗೆ ಎಳನೀರು, ಬಾಳೆಹಣ್ಣು ಬೇಡ ಎಂದು ವೈದ್ಯರು ಹೇಳುವುದು ಇದಕ್ಕೇ. ರೋಗಿಯನ್ನು ನೋಡಲು ಹೋಗುವಾಗ ನಾವು ಕೊಂಡೊಯ್ಯುವುದೂ ಅವೆರಡನ್ನೇ ತಾನೇ?

ಎಚ್ಚರಿಕೆಯ ಒಂದು ಮಾತು. ಅಕ್ಷರಗಳು ಒಂದೇ ಆದ ಮಾತ್ರಕ್ಕೆ ನೆಂಟಸ್ತನ ಇರಬೇಕೆಂದಿಲ್ಲ. 'ಅಕಾಡೆಮಿಯಾ' ಪದದ ಕೊನೆಯಲ್ಲೂ ಇ, ಎಂ, ಐ, ಎ ಇವೆ. ಆದರೆ ಅದು ಅಥೆನ್ಸ್ ಬಳಿ ಪ್ಲೇಟೋ ಪಾಠ ಹೇಳುತ್ತಿದ್ದ ತೋಪಿನ ಹೆಸರಿನಿಂದ ಬಂದದ್ದು, ಅದರಲ್ಲಿ ರಕ್ತದ ಹನಿಯೂ ಇಲ್ಲ. ಹಾಗಾಗಿ ಬಾಲ ನೋಡಿದ ಮೇಲೆ ಉಳಿದ ತುಂಡುಗಳೂ ಹೊಂದುತ್ತವೆಯೇ ಎಂದು ನೋಡಿ.

ಕೊನೆಗೆ ನಿಮಗೊಂದು ಪದ: ಹೈಪೋನೇಟ್ರೀಮಿಯಾ. ನಿಘಂಟು ಬೇಡ. ರಸಾಯನಶಾಸ್ತ್ರದ ತರಗತಿಯಲ್ಲಿ ತೂಗುಹಾಕಿರುವ ಆವರ್ತ ಕೋಷ್ಟಕದ 11ನೇ ಮನೆ ನೋಡಿ, ಅಲ್ಲಿ ಯಾವ ಎರಡು ಅಕ್ಷರ ಇವೆ ಎಂದು ಓದಿಕೊಂಡು ಬನ್ನಿ.