ಬೆಟ್ಟದ ಬೈಸಿಕಲ್ಲಿನ ಬೀಗ

ಮನೆಯ ಕಂಬವು ಬಾಗಿದರೆ ಮಾಡು ಕುಸಿಯುತ್ತದೆ. ಬಿದಿರು ಬಾಗದಿದ್ದರೆ ಬಿರುಗಾಳಿಗೆ ಮುರಿಯುತ್ತದೆ. ಆದುದರಿಂದ ಗಟ್ಟಿಯಾಗಿರುವುದು ಮೇಲೋ, ಬಾಗುವುದು ಮೇಲೋ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಒಂದೇ ವಸ್ತು ಒಮ್ಮೆ ಕಂಬದಂತೆಯೂ ಮತ್ತೊಮ್ಮೆ ಬಿದಿರಿನಂತೆಯೂ ಇರಬೇಕಾದ ಸಂದರ್ಭಗಳೂ ಉಂಟು. ಬೆಟ್ಟದ ದಾರಿಗೆಂದು ನಿರ್ಮಿತವಾದ ಬೈಸಿಕಲ್ಲಿನ ಮುಂಗವಲು ಅಂತಹ ಒಂದು ವಸ್ತು.

ಸಾಧಾರಣ ಬೈಸಿಕಲ್ಲಿನ ಮುಂದಿನ ಚಕ್ರವನ್ನು ಎರಡು ಕಾಲುಗಳುಳ್ಳ ಒಂದು ಕವಲು ಹಿಡಿದುಕೊಂಡಿರುತ್ತದೆ. ಇದಕ್ಕೆ ಫೋರ್ಕ್ ಎಂದು ಹೆಸರು. ಉಕ್ಕಿನ ಈ ಕವಲಿಗೆ ಬಾಗುವ ಗುಣ ಬಹಳ ಕಡಿಮೆ. ಚಕ್ರವು ಕಲ್ಲಿಗೆ ತಾಗಿದಾಗ ಆ ಪೆಟ್ಟು ಹ್ಯಾಂಡಲಿನ ಮೂಲಕ ಸವಾರನ ಮಣಿಕಟ್ಟಿಗೂ ಭುಜಕ್ಕೂ ಏರುತ್ತದೆ. ಊರಿನ ಬೀದಿಯಲ್ಲಿ ಇದು ದೊಡ್ಡ ತೊಂದರೆಯೇನಲ್ಲ. ಬೈಸಿಕಲ್ಲು ಬೆಟ್ಟದ ದಾರಿಗೆ ಇಳಿದಾಗ ಮಾತು ಬೇರೆಯಾಯಿತು.

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ನಗರದ ಉತ್ತರಕ್ಕೆ, ಮರಿನ್ ಎಂಬ ಗುಡ್ಡಗಾಡು ಪ್ರದೇಶವಿದೆ. ಅಲ್ಲಿಯ ಫೇರ್‌ಫ್ಯಾಕ್ಸ್ ಊರಿನ ಬಳಿಯ ಮಣ್ಣುದಾರಿಯೊಂದರಲ್ಲಿ 1976ರ ಅಕ್ಟೋಬರ್ 21ರಂದು ಕೆಲವು ತರುಣರು ಇಳಿಜಾರಿನ ಸ್ಪರ್ಧೆಯೊಂದನ್ನು ನಡೆಸಿದರು. ದಪ್ಪ ಟೈರಿನ ಹಳೆಯ ಬೈಸಿಕಲ್ಲುಗಳೇ ಅವರ ವಾಹನ. ಸುಮಾರು 2 ಮೈಲಿಗಳಷ್ಟು ದೂರದಲ್ಲಿ ಆ ದಾರಿಯು 1,300 ಅಡಿ ಕೆಳಗಿಳಿಯುತ್ತಿತ್ತು. ಬ್ರೇಕಿನ ಕಾವಿಗೆ ಹಿಂದಿನ ಚಕ್ರದ ಗುಂಬದೊಳಗಿನ ಗ್ರೀಸ್ ಉರಿದುಹೋಗಿ, ಅದನ್ನು ಮರಳಿ ತುಂಬಬೇಕಾಗುತ್ತಿತ್ತು. ‘ಮರಳಿ ತುಂಬು’ ಎಂಬ ಅರ್ಥದ ‘ರಿಪ್ಯಾಕ್’ ಎಂಬುದೇ ಆ ಸ್ಪರ್ಧೆಯ ಹೆಸರಾಯಿತು. 1977ರಲ್ಲಿ ಆ ಬಳಗದ ಜೋ ಬ್ರೀಜ್ ಅವರು ಬೆಟ್ಟದ ದಾರಿಗೆಂದೇ ಹೊಸ ಚೌಕಟ್ಟನ್ನು ರಚಿಸಿದರು. ಆದರೆ ಮುಂಗವಲು ಮಾತ್ರ ಹಿಂದಿನಂತೆಯೇ ಗಟ್ಟಿಯಾಗಿ ಉಳಿಯಿತು.

ಈ ಕೊರತೆಯನ್ನು ನೀಗಿದವರಲ್ಲಿ ಪಾಲ್ ಟರ್ನರ್ ಪ್ರಮುಖರು. ಮೋಟಾರ್‌ಸೈಕಲ್ಲುಗಳ ಅನುಭವವಿದ್ದ ಅವರು ರಾಕ್‌ಶಾಕ್ಸ್ ಎಂಬ ಸಂಸ್ಥೆಯ ಮೂಲಕ ಸುಮಾರು 5 ಸೆಂಟಿಮೀಟರಿನಷ್ಟು ಕುಗ್ಗಬಲ್ಲ ಮುಂಗವಲನ್ನು ಬಳಕೆಗೆ ತಂದರು. 1990ರಲ್ಲಿ ಕೊಲೊರಾಡೊ ರಾಜ್ಯದ ಡುರಾಂಗೊದಲ್ಲಿ ಬೆಟ್ಟದ ಬೈಸಿಕಲ್ಲುಗಳ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಅದರ ಇಳಿಜಾರಿನ ಸ್ಪರ್ಧೆಯನ್ನು ಗ್ರೆಗ್ ಹರ್ಬೋಲ್ಡ್ ಗೆದ್ದುದು ಇಂತಹ ಮುಂಗವಲಿನ ಬೈಸಿಕಲ್ಲಿನಿಂದ. ಆ ಬಳಿಕ ಕುಗ್ಗುವ ಮುಂಗವಲು ಮನೆಮಾತಾಯಿತು.

ಇದರ ರಚನೆ ಸರಳವಾದುದು. ಕವಲಿನ ಪ್ರತಿಯೊಂದು ಕಾಲಿನಲ್ಲಿಯೂ ಒಂದು ಕೊಳವೆಯೊಳಗೆ ಮತ್ತೊಂದು ಕೊಳವೆ ಜಾರುತ್ತದೆ. ಒಳಗಿರುವ ಉಕ್ಕಿನ ಸ್ಪ್ರಿಂಗ್ ಇಲ್ಲವೆ ಒತ್ತಿ ತುಂಬಿದ ಗಾಳಿ ಪೆಟ್ಟಿಗೆ ಕುಗ್ಗಿ ಮತ್ತೆ ಹಿಗ್ಗುತ್ತದೆ. ಆದರೆ ಬರಿಯ ಸ್ಪ್ರಿಂಗ್ ಇದ್ದರೆ ಬೈಸಿಕಲ್ಲು ಚೆಂಡಿನಂತೆ ಪುಟಿಯುತ್ತಲೇ ಇರುತ್ತದೆ. ಅದನ್ನು ತಡೆಯಲು ಎಣ್ಣೆಯನ್ನು ಬಳಸುತ್ತಾರೆ. ಕವಲು ಕುಗ್ಗುವಾಗಲೂ ಹಿಗ್ಗುವಾಗಲೂ ಎಣ್ಣೆಯು ಕಿರಿದಾದ ರಂಧ್ರಗಳ ಮೂಲಕ ನುಸುಳಿ ಹೋಗಬೇಕು. ಆಗ ಪೆಟ್ಟಿನ ಶಕ್ತಿಯು ಶಾಖವಾಗಿ ಮಾರ್ಪಟ್ಟು ಅಡಗುತ್ತದೆ.

ಆದರೆ ಎಣ್ಣೆಗೆ ಕಲ್ಲಿನ ಪೆಟ್ಟು ಯಾವುದು, ಸವಾರನ ಶ್ರಮ ಯಾವುದು ಎಂಬ ಭೇದ ತಿಳಿಯದು. ಸವಾರನು ಆಸನದಿಂದೆದ್ದು ನಿಂತು ಪೆಡಲ್ ತುಳಿದಾಗ ಅವನ ದೇಹದ ಭಾರ ಒಮ್ಮೆ ಮುಂದಕ್ಕೆ, ಒಮ್ಮೆ ಕೆಳಕ್ಕೆ ಬೀಳುತ್ತದೆ. ಪ್ರತಿ ತುಳಿತಕ್ಕೂ ಮುಂಗವಲು ಕುಗ್ಗಿ ಹಿಗ್ಗುತ್ತದೆ. ಚಕ್ರವನ್ನು ಮುಂದೂಡಬೇಕಾದ ಶಕ್ತಿಯಲ್ಲಿ ಒಂದು ಪಾಲು ಎಣ್ಣೆಯನ್ನು ಬಿಸಿಮಾಡುವುದರಲ್ಲಿಯೇ ವ್ಯಯವಾಗುತ್ತದೆ. ಇದನ್ನು ತಪ್ಪಿಸಲು ಬಂದುದೇ ಲಾಕ್‌ಔಟ್ ಎಂಬ ಬೀಗ. ಕವಲಿನ ಮೇಲ್ತುದಿಯಲ್ಲಿಯೋ ಹ್ಯಾಂಡಲಿನ ಮೇಲೆಯೋ ಇರುವ ಸಣ್ಣ ಸನ್ನೆಯೊಂದನ್ನು ತಿರುಗಿಸಿದರೆ ಎಣ್ಣೆಯ ದಾರಿಯ ಕವಾಟ ಮುಚ್ಚಿಕೊಳ್ಳುತ್ತದೆ. ದ್ರವವನ್ನು ಅದುಮಿ ಕುಗ್ಗಿಸುವುದು ಬಹು ಕಷ್ಟ. ಆದುದರಿಂದ ಕವಲು ಹಳೆಯ ಉಕ್ಕಿನ ಕವಲಿನಂತೆ ಗಟ್ಟಿಯಾಗಿ ನಿಲ್ಲುತ್ತದೆ.

ಹಾಗಾದರೆ ಬೀಗವನ್ನು ಹಾಕಬೇಕಾದುದು ಯಾವಾಗ? ಬೆಂಗಳೂರಿನ ಸವಾರರಿಗೆ ಚಿರಪರಿಚಿತವಾದ ನಂದಿಬೆಟ್ಟದ ದಾರಿಯನ್ನು ಉದಾಹರಣೆಗೆ ನೋಡಬಹುದು. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರವಿರುವ ಈ ಬೆಟ್ಟದ ಮೇಲಕ್ಕೆ ಡಾಂಬರಿನ ರಸ್ತೆಯಿದೆ. ನುಣುಪಾದ ಇಂತಹ ಏರಿನಲ್ಲಿ ನಿಂತು ತುಳಿಯುವವನಿಗೆ ಬೀಗವು ನಿಜವಾದ ನೆರವು. ಸಮತಟ್ಟಾದ ರಸ್ತೆಯಲ್ಲಿ ಒಮ್ಮೆಗೇ ವೇಗ ಹೆಚ್ಚಿಸುವಾಗಲೂ ಹಾಗೆಯೇ. ಕುಳಿತು ಒಂದೇ ಸಮನೆ ತುಳಿಯುವವನ ಮುಂಗವಲು ಅಷ್ಟಾಗಿ ಅಲುಗುವುದಿಲ್ಲ. ಅವನಿಗೆ ದೊರೆಯುವ ಲಾಭ ಅಲ್ಪ.

ಏರಿನಲ್ಲಿ ಬೀಗ ಹಾಕು, ಇಳಿಜಾರಿನಲ್ಲಿ ತೆಗೆ ಎಂದು ಹಲವರು ಸೂತ್ರದಂತೆ ನಂಬುತ್ತಾರೆ. ಇದು ಅರ್ಧಸತ್ಯ. ಮಲೆನಾಡಿನ ಕಾಡುದಾರಿಯಲ್ಲಿ ಬೇರುಗಳು ಹೆಣೆದುಕೊಂಡು, ಕಲ್ಲುಗಳು ಎದ್ದು ನಿಂತಿರುತ್ತವೆ. ಅಂತಹ ಏರಿನಲ್ಲಿ ಕವಲು ಗಟ್ಟಿಯಾಗಿದ್ದರೆ ಚಕ್ರವು ಕಲ್ಲಿಗೆ ಬಡಿದು ಮೇಲಕ್ಕೆ ಹಾರುತ್ತದೆ, ಪಕ್ಕಕ್ಕೆ ಜಾರುತ್ತದೆ. ಪ್ರತಿ ಪೆಟ್ಟಿಗೂ ವೇಗ ಕುಂದುತ್ತದೆ. ಬಾಗುವ ಕವಲಾದರೋ ಚಕ್ರವನ್ನು ನೆಲಕ್ಕೆ ಅಂಟಿಸಿಕೊಂಡು ಹೋಗುತ್ತದೆ. ಎಣ್ಣೆಯಲ್ಲಿ ಕಳೆಯುವುದಕ್ಕಿಂತ ಹೆಚ್ಚಿನ ಶಕ್ತಿ ಇಲ್ಲಿ ಉಳಿಯುತ್ತದೆ. ಆದುದರಿಂದ ನೋಡಬೇಕಾದುದು ದಾರಿ ಏರುವುದೋ ಇಳಿಯುವುದೋ ಎಂಬುದನ್ನು ಮಾತ್ರವಲ್ಲ. ಅದು ನುಣುಪೋ ಒರಟೋ ಎಂಬುದನ್ನು.

ಇಳಿಯುವಾಗ ಮಾತ್ರ ಸಂದೇಹಕ್ಕೆ ಎಡೆಯಿಲ್ಲ. ಬೆಟ್ಟದ ನೆತ್ತಿಯಲ್ಲಿ ದಣಿವಾರಿಸಿಕೊಂಡು, ನೀರು ಕುಡಿದು, ನೋಟವನ್ನು ಸವಿದು ಹೊರಡುವ ಸವಾರನು ಬೀಗವನ್ನು ಮರೆಯುವುದು ಸುಲಭ. ಅಪಾಯವಿರುವುದು ಅಲ್ಲಿಯೇ. ನುಣುಪಾದ ರಸ್ತೆಯಲ್ಲಿಯೂ ತಿರುವಿನಾಚೆ ಹೊಂಡವಿರಬಹುದು, ಚದುರಿದ ಜಲ್ಲಿಯಿರಬಹುದು. ಬ್ರೇಕ್ ಹಿಡಿದೊಡನೆ ದೇಹದ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಚಕ್ರವು ನೆಲಕ್ಕೆ ತಾಗಿದ್ದರೆ ಮಾತ್ರ ಬ್ರೇಕ್ ಹಿಡಿದೀತು, ಹ್ಯಾಂಡಲ್ ಮಾತು ಕೇಳೀತು. ಕವಲು ಕುಗ್ಗದೆ ಚಕ್ರವು ನೆಲ ಬಿಟ್ಟು ಪುಟಿದರೆ ಆ ಕ್ಷಣಕ್ಕೆ ಎರಡೂ ಇಲ್ಲದಂತಾಗುತ್ತದೆ. ಕೆಲವು ಮುಂಗವಲುಗಳಲ್ಲಿ ದೊಡ್ಡ ಪೆಟ್ಟು ಬಿದ್ದಾಗ ತಾನಾಗಿ ತೆರೆದುಕೊಳ್ಳುವ ರಕ್ಷಣಾ ಕವಾಟವಿರುತ್ತದೆ. ಅಗ್ಗದ ಹಲವು ಕವಲುಗಳಲ್ಲಿ ಅದಿರುವುದಿಲ್ಲ. ಅಂತಹುದನ್ನು ಬೀಗ ಹಾಕಿಯೇ ಕಲ್ಲುದಾರಿಯಲ್ಲಿ ಓಡಿಸಿದರೆ ಒಳಗಿನ ಭಾಗಗಳು ಕೆಡಬಹುದು.

ಸ್ಪರ್ಧೆಯ ಸವಾರರು ಈ ಸನ್ನೆಯನ್ನು ಹ್ಯಾಂಡಲಿನಲ್ಲಿ, ಹೆಬ್ಬೆರಳಿಗೆ ಎಟುಕುವಂತೆ ಇರಿಸಿಕೊಳ್ಳುತ್ತಾರೆ. ದಾರಿ ಬದಲಾಗುವುದನ್ನು ದೂರದಿಂದಲೇ ಕಂಡು, ಅಲ್ಲಿಗೆ ತಲಪುವ ಮೊದಲೇ ಬೀಗವನ್ನು ಹಾಕುತ್ತಾರೆ ಇಲ್ಲವೆ ತೆಗೆಯುತ್ತಾರೆ. ಯಂತ್ರವು ಬಿಗಿಯಾಗಿಯೂ ಇರಬಲ್ಲದು, ಬಾಗಲೂ ಬಲ್ಲದು. ಯಾವುದು ಯಾವಾಗ ಎಂದು ನಿಶ್ಚಯಿಸುವ ಹೊಣೆ ಸವಾರನದು. ಸಂದೇಹ ಬಂದಾಗ ಬೀಗವನ್ನು ತೆಗೆದಿಡುವುದೇ ಲೇಸು. ಹಾಗೆ ಮಾಡಿದವನು ತುಸು ಹೆಚ್ಚು ದಣಿದಾನು. ಆದರೆ ಕ್ಷೇಮವಾಗಿ ಮನೆ ಸೇರುತ್ತಾನೆ.

ಅಭ್ಯಾಸ

1. ‘ರಿಪ್ಯಾಕ್’ ಎಂಬ ಹೆಸರು ಬರಲು ಕಾರಣವೇನು?
2. ಮುಂಗವಲಿನಲ್ಲಿ ಸ್ಪ್ರಿಂಗಿನ ಜೊತೆಗೆ ಎಣ್ಣೆಯೂ ಏಕೆ ಬೇಕು?
3. ‘ಏರಿನಲ್ಲಿ ಬೀಗ ಹಾಕು, ಇಳಿಜಾರಿನಲ್ಲಿ ತೆಗೆ’ ಎಂಬ ಮಾತು ಅರ್ಧಸತ್ಯವೆನ್ನಲು ಕಾರಣವನ್ನು ವಿವರಿಸಿರಿ.